ನನ್ನ ಯಜಮಾನರ ಕಂಬಳಿಯನ್ನು ಬೂಟಿನೊಳಗೆ ಹೊಲಿದವರು

ನನ್ನ ಮೊಮ್ಮಗಳು ಹಿಮದ ಬೆಟ್ಟದ ನೆತ್ತಿಯಿಂದ ಬುಡದವರೆಗೆ ಒಂದು ಸಲವೂ ಬೀಳದೆ ಜಾರಿಕೊಂಡು ಬಂದು, ಅಷ್ಟು ಜನರಲ್ಲಿ ಮೂರನೆಯವಳಾಗಿ ನಿಂತಳು. ಇದನ್ನು ಮೊದಲು ಬರೆದುಬಿಡುತ್ತೇನೆ. ಇದನ್ನು ಬರೆಯದೆ ಬೇರೆ ಏನು ಬರೆಯಲು ಕೂತರೂ ಕೈ ಇಲ್ಲಿಗೇ ಬಂದು ನಿಲ್ಲುತ್ತದೆ. ಹಾಸನದ ನಮ್ಮ ಬೀದಿಯಲ್ಲಿ ಹಾಲಿನವನಿಗೆ, ಸೊಪ್ಪಿನವಳಿಗೆ, ಕರೆಂಟು ಮೀಟರು ನೋಡಲು ಬರುವವನಿಗೆ, ಎಲ್ಲರಿಗೂ ಹೇಳಿ ಆಗಿದೆ. ಮೀಟರಿನವನು ಎರಡನೇ ತಿಂಗಳು ಬಂದಾಗ, 'ಹೋದ್ಸಲಾನೇ ಹೇಳಿದ್ರಿ ಅಜ್ಜಿ' ಅಂದ. ಹೇಳಿದರೆ ಏನಂತೆ, ಇನ್ನೊಂದು ಸಲ ಕೇಳಲಿ.

ಅವತ್ತು ಅವಳ ಕಾಲಿನಲ್ಲಿದ್ದ ಬೂಟಿನ ಒಳಗನ್ನು ಬಿಚ್ಚಿ ಹೊಸದಾಗಿ ಹೊಲಿದುಕೊಟ್ಟ ಮನುಷ್ಯ ಹೋದ ತಿಂಗಳು ಚನ್ನರಾಯಪಟ್ಟಣದಲ್ಲಿ ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಮಲಗಿದಲ್ಲಿಂದ ಎದ್ದು ಬಂದು, 'ಒತ್ತಕ್ಷರ ಎಲ್ಲೋಯ್ತು ತಾಯಿ?' ಎಂದು ಕೇಳಿ ಹೋಗುವ ಜನ ಅವರು. ಒಳ್ಳೆಯವರಾಗಿದ್ದರು ಎಂದೂ ಬರೆಯುವುದಿಲ್ಲ. ಸತ್ತರು ಎನ್ನುವ ಕಾರಣಕ್ಕೆ ಸುಳ್ಳು ಬರೆಯಬಾರದು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹೊಳೆನರಸೀಪುರದ ಕಡೆಯ ಗದ್ದೆ ಮನೆಗೆ ಸೊಸೆಯಾಗಿ ಬಂದು, ನನ್ನ ಅತ್ತೆಯವರ ಬಾಯಿಗೆ ಇಪ್ಪತ್ತೆರಡು ವರ್ಷ ಉತ್ತರ ಕೊಡದೆ ಬಾಳಿದವಳು. ಆ ನನ್ನ ಅತ್ತೆಯವರು ಈ ಮನುಷ್ಯನ ಮುಂದೆ ಹಸುಗೂಸು.

ಆಳು ಕುಳ್ಳ. ಕಿವಿ ಮಾತ್ರ ಆರಡಿ ಆಳಿನವು. ಅಂಗಿಯ ಕಾಲರಿನಲ್ಲಿ ಯಾವಾಗಲೂ ನಾಲ್ಕಾರು ಸೂಜಿ ಚುಚ್ಚಿಕೊಂಡಿರುತ್ತಿದ್ದರು. ಹತ್ತಿರ ಹೋಗಿ ಮಾತಾಡುವವರಿಗೆ ಮೊದಲು ಕಾಣುತ್ತಿದ್ದುದು ಅವು. ಸೈನ್ಯದಲ್ಲಿ ಮೂವತ್ತು ವರ್ಷ, ಅದರಲ್ಲಿ ಹೆಚ್ಚಿನ ವರ್ಷ ಹಿಮ ಬೀಳುವ ಜಾಗದಲ್ಲೇ, ಬೂಟು ರಿಪೇರಿ ಮಾಡಿ ಬಂದವರು. ಎಡಗಾಲಿನ ಮೂರು ಬೆರಳನ್ನು ಅಲ್ಲೇ ಹಿಮಕ್ಕೆ ಬಿಟ್ಟು ಬಂದಿದ್ದರು. ಆ ಕಾಲನ್ನು ಮುಚ್ಚಿಕೊಳ್ಳುವವರಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯ ತಮ್ಮ ಅಂಗಡಿಯಲ್ಲಿ ಒಂದು ಮಣೆಯ ಮೇಲೆ ಅದನ್ನು ಮುಂದಕ್ಕೆ ಚಾಚಿಯೇ ಕೂರುತ್ತಿದ್ದರು. ಬಂದವರು ಅದನ್ನು ನೋಡಿ ಮುಖ ತಿರುಗಿಸಿದರೆ, 'ಯಾಕೆ, ನೋಡ್ಕಳಿ. ಚಪ್ಲಿ ನೆಟ್ಗಿಲ್ದಿದ್ರೆ ಇಂಗಾಯ್ತದೆ' ಎನ್ನುತ್ತಿದ್ದರು.

ಜಮೀನು ತೋಟ ಇದ್ದ ಮನೆಯ ಮಗ. ಪಿಂಚಣಿ ಬರುತ್ತಿದ್ದರೂ ಊರಿಗೆ ಬಂದು ಬೂಟು ಹೊಲಿಯಲು ಕೂತದ್ದು ಅವರ ಅಣ್ಣನಿಗೆ ಮರ್ಯಾದೆಯ ಪ್ರಶ್ನೆಯಾಯಿತಂತೆ. ಒಂದು ದಿನ ಅಣ್ಣ ನಾಲ್ಕು ಜನ ನೆಂಟರನ್ನು ಕಟ್ಟಿಕೊಂಡು ಅಂಗಡಿ ಮುಂದೆ ಬಂದು, 'ಮನೆತನದ ಮಾನ ತೆಗೀಬ್ಯಾಡ ಕಣ್ಲಾ, ಬಾಗ್ಲಾಕು' ಅಂದರು. ಇವರು ಅಣ್ಣನ ಕಾಲಿಂದ ಚಪ್ಪಲಿ ಕಳಚಿಸಿ, ಹರಿದಿದ್ದ ಉಂಗುಟವನ್ನು ಹೊಲಿದು, ಮೊಳೆ ಬಡಿದು, ಮುಂದಿಟ್ಟು, 'ಈಗ ಓಗು. ಮನೆತನ ಕುಂಟ್ತಾ ಬಂದಿತ್ತು, ನೆಟ್ಗೆ ನಡ್ಕಂಡೋಗ್ಲಿ' ಅಂದರಂತೆ. ಅಣ್ಣ ಸಾಯುವ ತನಕ ಇವರ ಮನೆಯ ನೀರು ಮುಟ್ಟಲಿಲ್ಲ.

ಗಿರಾಕಿಗಳ ಕಥೆಯೂ ಇದೇ. ಒಬ್ಬ ಭಾರಿ ಆಳು, ಹಳೆಯ ಬೂಟು ಯಾಕೋ ಬಿಗಿಯಾಗುತ್ತಿದೆ, ಸ್ವಲ್ಪ ಸಡಿಲ ಮಾಡಿಕೊಡಿ ಎಂದು ಕೇಳಿದ್ದಕ್ಕೆ, ಅವನ ಕಣಕಾಲಿಗೆ ಹೆಬ್ಬೆರಳು ಒತ್ತಿ, ಬಿದ್ದ ಗುಳಿ ಮೇಲೇಳದ್ದನ್ನು ನೋಡಿ, 'ಬೂಟು ಸರ್ಯಾಗೈತೆ ಸಾ. ಊದ್ಕಂಡಿರೋದು ನೀವು. ಡಾಕ್ಟ್ರತ್ರ ಓಗಿ, ನನ್ನತ್ರ ಏನ್ ಕೆಲ್ಸ' ಅಂದು ಬೂಟನ್ನು ಗಲ್ಲಿಗೆ ಎಸೆದರಂತೆ. ಆ ಮನುಷ್ಯನಿಗೆ ಮೂತ್ರಪಿಂಡದ ಕಾಯಿಲೆ ಶುರುವಾಗಿತ್ತು ಎನ್ನುವುದು ಆಮೇಲೆ ಗೊತ್ತಾಯಿತು. ಉಳಿದುಕೊಂಡ. ಹಣ್ಣು ತೆಗೆದುಕೊಂಡು ಬಂದ. ಹಣ್ಣು ಇಟ್ಟುಕೊಂಡು, 'ಇನ್ನೂ ಊದ್ಕಂಡೇ ಇದೀರಲ್ಲ' ಎಂದು ಕಳಿಸಿದರು.

ಇಂಥವರ ಅಂಗಡಿಗೆ ನಾನು ಹೋಗಬೇಕಾಗಿ ಬಂದದ್ದು ನಾನೇ ಮಾಡಿದ ಒಂದು ತಪ್ಪಿನಿಂದ.

ನನ್ನ ಮೊಮ್ಮಗಳು ಕಾಲೇಜಿನಲ್ಲಿ ಕೆಡೆಟ್ಟು. ಖಾಕಿ ಹಾಕಿಕೊಂಡು ಬೆಳಗ್ಗೆ ಕವಾಯತಿಗೆ ಹೋಗುವ ಹುಡುಗಿ. ಹೋದ ವರ್ಷ ಇವಳನ್ನು ಆರಿಸಿ ಉತ್ತರದ ಹಿಮದ ಬೆಟ್ಟಕ್ಕೆ ಕಳಿಸಿದರು, ಕಾಲಿಗೆ ಉದ್ದದ ಹಲಗೆ ಕಟ್ಟಿಕೊಂಡು ಜಾರುವ ಸ್ಕೀ ಆಟ ಕಲಿಯಲು. ಅಲ್ಲಿ ರಾಶಿಯಿಂದ ಎತ್ತಿ ಕೊಟ್ಟ ಬೂಟು ಇವಳ ಅಗಲ ಪಾದವನ್ನು ಹಿಂಡಿ, ಹಿಮ್ಮಡಿಯ ಚರ್ಮ ಸುಲಿದುಹೋಗಿತ್ತು. ಆದರೂ ಕಲಿತಳು. ಕಲಿಸಿದ ಗುರುಗಳು, 'ಮುಂದಿನ ಚಳಿಗಾಲಕ್ಕೆ ನಿನ್ನ ಕಾಲಿಗೆ ಹೊಂದುವ ನಿನ್ನದೇ ಬೂಟು ತೆಗೆದುಕೊಂಡು ಬಾ, ಪಂದ್ಯಕ್ಕೆ ಇಳಿಸುತ್ತೇನೆ. ಬೂಟಿಲ್ಲದಿದ್ದರೆ ಬರಲೇಬೇಡ' ಎಂದು ಹೇಳಿ ಕಳಿಸಿದ್ದರು. ಹಾಸನದ ಅಂಗಡಿಗಳಲ್ಲಿ ಆ ಬೂಟು ಎಲ್ಲಿಂದ ಸಿಗಬೇಕು?

ನನ್ನ ಮಗ, ಇವಳ ಅಪ್ಪ, ಲಾರಿ ಓಡಿಸುತ್ತಾನೆ. ಇಲ್ಲಿಂದ ಎಳನೀರು ತುಂಬಿಕೊಂಡು ದೆಹಲಿಗೆ ಹೋಗುವುದು, ಅಲ್ಲಿಂದ ಮೇಲೆ ಹತ್ತಿ ಹಿಮಾಚಲದ ಸೇಬು ತುಂಬಿಕೊಂಡು ಇಳಿಯುವುದು. ಸೇಬಿನ ಕಾಲದಲ್ಲಿ ಒಂದು ದಿನ ಅಲ್ಲಿಂದ ಫೋನು ಮಾಡಿದ.

'ಅವ್ವಾ, ಕೂಸು ಫೋನೆತ್ತಲ್ಲ.'

'ಪರೀಕ್ಷೆ ಕಣಪ್ಪ ಅವ್ಳಿಗೆ. ಏನು?'

'ಇಲ್ಲೊಬ್ಬ ಹಳೇ ಸ್ಕೀ ಬೂಟು ಮಾರ್ತಾವ್ನೆ. ಇಪ್ಪತ್ನಾಕು ನಂಬ್ರದ್ದು ಒಂದ್ ಜೊತೆ ಐತೆ, ಇಪ್ಪತ್ತಾರರದ್ದು ಒಂದ್ ಜೊತೆ ಐತೆ. ಲೋಡಾಯ್ತು, ಈಗ್ಲೇ ಹೊರಡ್ಬೇಕು. ಯಾವ್ದು ತರ್ಲಿ?'

'ಕೂಸಿಂದು ಎಷ್ಟು?'

'ಇಪ್ಪತ್ನಾಕು ಅಂದಿದ್ಲು.'

'ಅಂಗಾರೆ ಇಪ್ಪತ್ತಾರು ತಾ. ಒಂದು ನಂಬ್ರ ಬೆಳೆಯೋಕೆ, ಒಂದು ನಂಬ್ರ ಉಣ್ಣೆ ಕಾಲ್ಚೀಲಕ್ಕೆ.'

ನಮ್ಮ ಕಡೆ ಮಕ್ಕಳಿಗೆ ಅಳತೆಗೆ ಸರಿಯಾದ ಚಪ್ಪಲಿ ಯಾರು ತಂದಿದ್ದಾರೆ ಹೇಳಿ. ಇದೇ ಕೂಸಿಗೆ ಶಾಲೆಯ ಬಿಳೀ ಕ್ಯಾನ್‌ವಾಸ್ ಬೂಟನ್ನು ನಾನೇ ಎರಡು ನಂಬರು ದೊಡ್ಡದು ತರುತ್ತಿದ್ದೆ. ಮೊದಲ ವರ್ಷ ತುದಿಗೆ ಬಟ್ಟೆ ತುರುಕುವುದು, ಎರಡನೇ ವರ್ಷ ಸರಿಹೋಗುವುದು, ಮೂರನೇ ವರ್ಷ ಹೆಬ್ಬೆರಳು ಇಣುಕುವುದು. ಲಂಗದ ಅಂಚನ್ನು ಒಳಗೆ ಮಡಚಿ ಹೊಲಿಸುತ್ತಿದ್ದೆ, ವರ್ಷಕ್ಕೊಂದು ಮಡಿಕೆ ಬಿಚ್ಚಲು. ಬೆಳೆಯುವ ಮಗುವಿಗೆ ಸರಿಯಾದ ಅಳತೆ ತಂದರೆ ಎಲ್ಲಿ ಬೆಳವಣಿಗೆ ನಿಂತುಹೋಗುತ್ತದೋ ಎನ್ನುವ ಹೆದರಿಕೆ ನಮ್ಮದು. ಮೊಮ್ಮಗಳಿಗೆ ಹತ್ತೊಂಬತ್ತು ತುಂಬಿತ್ತು ಎನ್ನುವುದು ನನ್ನ ಲೆಕ್ಕಕ್ಕೆ ಬರಲೇ ಇಲ್ಲ.

ಬೂಟು ಬಂತು. ಒರಳುಕಲ್ಲಿನ ಭಾರ. ಹೊರಗೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು, ಅದರೊಳಗೆ ಮೆತ್ತನೆಯ ಇನ್ನೊಂದು ಬೂಟು. ಆ ಒಳಬೂಟಿಗೆ ಲೈನರ್ ಅನ್ನುತ್ತಾರಂತೆ. ಎದುರಿಗೆ ಟ್ರಂಕಿನ ಬೀಗದ ಹಾಗೆ ನಾಲ್ಕು ಕೊಂಡಿ. ಕೂಸು ಹಾಕಿಕೊಂಡು ಹಜಾರದಲ್ಲಿ ನಡೆದಳು. ಬೂಟು ನೆಲದಲ್ಲೇ ಇರುತ್ತಿತ್ತು, ಇವಳ ಹಿಮ್ಮಡಿ ಒಳಗೆ ಮೇಲೆ ಕೆಳಗೆ ಹೋಗುತ್ತಿತ್ತು. ಮೂರು ಜೊತೆ ಕಾಲ್ಚೀಲ ಹಾಕಿದಳು. ಅಂಗೈ ದಪ್ಪದ ಬಟ್ಟೆ ತುರುಕಿದಳು. ಫೋನಿನಲ್ಲಿ ಅವಳ ಗುರುಗಳು ನೋಡಿ, ಇದನ್ನು ಹಾಕಿಕೊಂಡು ಬಂದರೆ ಬೆಟ್ಟಕ್ಕೆ ಹತ್ತಿಸುವುದಿಲ್ಲ ಎಂದರು. ಕೂಸು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಅರಕಲಗೂಡಿನ ಕಡೆಯ ಒಬ್ಬ ನಿವೃತ್ತ ಸುಬೇದಾರರಿದ್ದಾರೆ. ಅವರು ಬೂಟು ತಿರುಗಿಸಿ ನೋಡಿ, 'ಚನ್ರಾಯಪಟ್ಣದಲ್ಲಿ ಒಬ್ರವ್ರೆ, ನಮ್ ಜೊತೆ ಹಿಮದಲ್ಲಿದ್ದೋರು. ಇಂಥವು ನೂರಾರು ಬಿಚ್ಚಿ ಹೊಲ್ದವ್ರೆ. ಕೈ ಬಂಗಾರ' ಅಂದರು. ಆಮೇಲೆ ಸ್ವಲ್ಪ ತಡೆದು, 'ಬಾಯಿಗೆ ಬಾಗ್ಲಿಲ್ಲ. ಅಳೋದಾದ್ರೆ ಇಲ್ಲೇ ಅತ್ಬುಟ್ಟು ಓಗಿ' ಅಂದರು.

ಸಂಕ್ರಾಂತಿಗೆ ಹತ್ತು ದಿನವಿತ್ತು. ಹಬ್ಬದ ಮಾರನೇ ದಿನ ಕೂಸು ರೈಲು ಹತ್ತಬೇಕು. ಬೂಟಿಗೆ ಪೆಟ್ಟಾಗದಿರಲಿ ಎಂದು ನಾನು ಅದನ್ನು ನನ್ನ ಯಜಮಾನರ ಕರೀ ಕಂಬಳಿಯಲ್ಲಿ ಸುತ್ತಿಕೊಂಡು, ಕೂಸಿನ ಜೊತೆ ಬಸ್ಸಿನಲ್ಲಿ ಹೊರಟೆ. ಗದ್ದೆಗೆ ನೀರು ಕಟ್ಟಲು ಹೋಗುವಾಗ ಅವರು ಹೊದೆಯುತ್ತಿದ್ದ ಕಂಬಳಿ ಅದು. ಅವರು ಹೋಗಿ ಒಂಬತ್ತು ವರ್ಷವಾದರೂ ಮಳೆ ಬಂದ ದಿನ ಅದರಲ್ಲಿ ಅವರ ಬೀಡಿಯ ವಾಸನೆ ಬರುತ್ತಿತ್ತು.

ಅಂಗಡಿಯಲ್ಲಿ ಅವರು ನಮ್ಮ ಮುಖ ನೋಡಲಿಲ್ಲ. ಕಾಲು ನೋಡಿದರು. ಒಂದು ಚೊಂಬು ನೀರನ್ನು ಕೂಸಿನ ಪಾದದ ಮೇಲೆ ಸುರಿದು, ಕೆಂಪು ಗಾರೆ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆಸಿದರು. ಒದ್ದೆ ಹೆಜ್ಜೆಯನ್ನು ಬಗ್ಗಿ ನೋಡಿ, ನನ್ನ ಕಡೆ ಕೈ ಮಾಡಿ, 'ನೀವೂ ಬನ್ನಿ' ಅಂದರು. ನನ್ನ ಕಾಲಿಗೂ ನೀರು ಬಿತ್ತು. ಎರಡು ಹೆಜ್ಜೆ ಪಕ್ಕಪಕ್ಕದಲ್ಲಿ ಮೂಡಿದವು. ಬೆರಳ ಹತ್ತಿರ ಬೀಸಣಿಗೆಯಂತೆ ಅಗಲ, ಹಿಮ್ಮಡಿ ಸಣ್ಣದು. ಒಂದು ದೊಡ್ಡದು ಒಂದು ಚಿಕ್ಕದು ಅನ್ನುವುದು ಬಿಟ್ಟರೆ ಒಂದೇ ಅಚ್ಚು.

'ಇದು ನಿಮ್ಮಿಂದ ಬಂದಿರೋ ಕಾಲು. ಕೆಸ್ರಲ್ಲಿ ನಾಟಿ ಆಕಿ ಆಕಿ ಅರಳ್ಕಂಡಿರೋ ಬಾತುಕೋಳಿ ಕಾಲು. ಪಾಪ, ಹುಡ್ಗಿ ತಲೆಗೆ ಕಟ್ಟಿದ್ದೀರಿ.'

ಬೈದರು ಎಂದು ನನಗೆ ಗೊತ್ತಾಯಿತು. ಆದರೆ ಆ ನೆಲ ಒಣಗುವ ತನಕ ನಾನು ಆ ಎರಡು ಹೆಜ್ಜೆಗಳನ್ನೇ ನೋಡುತ್ತ ನಿಂತಿದ್ದೆ. ನನ್ನ ಕಾಲು ಇವಳಲ್ಲಿದೆ ಎಂದು ಇಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಚಿಪ್ಪಿನಿಂದ ಒಳಬೂಟನ್ನು ಹೊರಗೆಳೆದರು. ಬರೀ ಚಿಪ್ಪಿನೊಳಗೆ ಕೂಸಿನ ಬರಿಗಾಲು ಇಡಿಸಿ, ಬೆರಳು ಮುಂದಕ್ಕೆ ತಾಗುವಂತೆ ತಳ್ಳಿಸಿ, ಹಿಮ್ಮಡಿಯ ಹಿಂದೆ ತಮ್ಮ ಬೆರಳು ತೂರಿಸಿದರು. ಒಂದು, ಎರಡು, ಮೂರು, ನಾಲ್ಕು.

'ಎಲ್ಡು ಬೆಳ್ಳು ಇಡ್ಸಿದ್ರೆ ಸರಿ. ಇಲ್ಲಿ ಬೆಕ್ಕು ಮರಿ ಆಕ್ಬೌದು. ಯಾರು ತರ್ಸಿದ್ದು ಇದ್ನ?'

ಕೂಸು ತಲೆ ತಗ್ಗಿಸಿದಳು. ನಾನೇ ಹೇಳಿದೆ. ಬೆಳೆಯುವುದಕ್ಕೆ ಒಂದು, ಕಾಲ್ಚೀಲಕ್ಕೆ ಒಂದು ಎನ್ನುವುದನ್ನೂ ಹೇಳಿದೆ.

ಅವರು ಮೊದಲ ಸಲ ನನ್ನ ಮುಖ ನೋಡಿದರು. 'ನಿಮ್ ಪ್ರೀತಿ ಎಲ್ಡು ನಂಬ್ರ ದೊಡ್ಡದು ತಾಯಿ. ಅದ್ರೊಳಗೆ ಈ ಹುಡ್ಗಿ ಕಾಲು ಮುರೀತದೆ. ಮೇಲಿಂದ ಬರೋವಾಗ ಇವ್ಳು ಕಾಲು ತಿರುಗುಸ್ತಾಳೆ, ಕಾಲು ಒಳಗೇ ತಿರುಗ್ತದೆ, ಬೂಟು ತಿರುಗಲ್ಲ. ಬೂಟು ತಿರುಗ್ಲಿಲ್ಲ ಅಂದ್ರೆ ಹಲಗೆ ತಿರುಗಲ್ಲ. ಎದುರ್ಗೆ ದೇವದಾರು ಮರ ಇರ್ತದೆ. ಅದು ಪಕ್ಕಕ್ ಓಗಲ್ಲ.'

'ಅಂಗನ್ಬ್ಯಾಡಿ ಅಣ್ಣಾ, ಬಿಡ್ತು ಅನ್ನಿ' ಅಂದೆ.

'ನಾನು ಬಿಡ್ತು ಅಂದ್ರೆ ಮರ ಬಿಡ್ತದಾ?'

ಇಷ್ಟಕ್ಕೆ ನಿಲ್ಲಲಿಲ್ಲ. 'ಗ್ವಾಡೆ ಕಡೆ ತಿರುಗ್ಕ ಮಗ' ಎಂದು ಕೂಸಿನ ಮುಖವನ್ನು ಅತ್ತ ತಿರುಗಿಸಿ, ಹೇಳದೆ ಕೇಳದೆ ಅವಳ ಹೆಬ್ಬೆರಳನ್ನು ಉಗುರಿನಿಂದ ಚಿವುಟಿದರು. ಅವಳು ಕೂಗಿದ ಕೂಗಿಗೆ ಎದುರಿನ ಟೀ ಅಂಗಡಿಯವರು ಎದ್ದು ನಿಂತರು. ನಾನು ಅವರ ಕೈ ಹಿಡಿದೆ. ಅವರು ನನ್ನನ್ನು ಲೆಕ್ಕಕ್ಕಿಡದೆ ಕೂಸಿಗೆ ಹೇಳಿದರು:

'ಸರಿ, ಕಾಲು ಬದ್ಕೈತೆ. ಕೇಳುಸ್ಕ. ಹಿಮದಲ್ಲಿ ಕಾಲು ಸತ್ತೋದ್ರೆ ಗೊತ್ತಾಗಲ್ಲ. ಮಿಲ್ಟ್ರಿ ಹುಡುಗ್ರಿಗೆ ಇಂಗೇ ಚಿವುಟ್ತಿದ್ದೆ. ಕಾಲು ಬದುಕಿದ್ರೆ ಚಿವುಟಿದ್ ತಕ್ಷಣ ಕೂಗ್ತಾನೆ. ಕಾಲು ಸತ್ತಿದ್ರೆ ನನ್ ಕೈ ನೋಡಿ, ಆಮೇಲೆ ಕೂಗ್ತಾನೆ. ವಾಪಸ್ ಕಳುಸ್ತಾರೆ ಅಂತ ಭಯ. ನೋಡಿ ಕೂಗೋದು ಬಾಯಿ, ಕಾಲಲ್ಲ. ನಿಂಗೆ ಅಲ್ಲಿ ದಿನಾ ನೀನೇ ಚಿವುಟ್ಕೋಬೇಕು. ನಿಮ್ಮಜ್ಜಿ ಅಲ್ಲಿಗೆ ಬರಲ್ಲ.'

ಆಮೇಲೆ ಹಳೆಯ ಒಳಬೂಟನ್ನು ಹಿಸುಕಿ ತೋರಿಸಿದರು. ಯಾರೋ ಎಷ್ಟೋ ವರ್ಷ ತುಳಿದು ಅದರ ಫೋಮು ಹಳೇ ದಿಂಬಿನ ಹತ್ತಿಯಂತೆ ಸತ್ತುಹೋಗಿತ್ತು. ಇದನ್ನು ಬಿಚ್ಚಿ, ಇದರ ಅಳತೆಗೆ ಗಟ್ಟಿ ಫೋಮಿನಲ್ಲಿ ಹೊಸದು ಕತ್ತರಿಸಬೇಕು. ಎರಡು ನಂಬರಿನ ಪೊಳ್ಳು ತುಂಬಲು ಫೋಮು ಒಂದೇ ಸಾಲದು, ಒತ್ತಿದರೂ ಜಗ್ಗದ ಕುರಿಯುಣ್ಣೆ ಬೇಕು ಎನ್ನುವಾಗ ಅವರ ಕಣ್ಣು ನನ್ನ ಮಡಿಲ ಮೇಲೆ ನಿಂತಿತು.

'ಆ ಕಂಬ್ಳಿ ಯಾರ್ದು?'

'ನಮ್ ಯಜಮಾನ್ರದ್ದು.'

'ಅವ್ರು?'

'ಇಲ್ಲ. ಒಂಬತ್ತು ವರ್ಷ ಆಯ್ತು.'

'ಅಂಗಾರೆ ಅವ್ರಿಗೆ ಚಳಿ ಆಗಲ್ಲ ಬಿಡಿ.'

ಕಂಬಳಿ ಎಳೆದುಕೊಂಡರು. ಕತ್ತರಿ ಹಾಕಿದರು. ನಡುಮಧ್ಯಕ್ಕೆ. ನಾನು ಬಾಯಿ ತೆರೆಯುವಷ್ಟರಲ್ಲಿ ಕಂಬಳಿ ಎರಡಾಗಿತ್ತು. ಮಳೆಯಿಲ್ಲದ ದಿನ, ಆದರೂ ಕತ್ತರಿಯ ಬಾಯಿಂದ ಬೀಡಿಯ ವಾಸನೆ ಬಂತು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಹಾಸನದ ತನಕ ಅತ್ತೆ. ಸುಬೇದಾರರ ಮಾತು ಕೇಳಿ ಮೊದಲೇ ಅಳಬೇಕಾಗಿತ್ತು.

ಆರು ದಿನ ಬಿಟ್ಟು ಬರಹೇಳಿದ್ದರು, ಹೋದೆವು. ಹೊಸ ಒಳಬೂಟು ಸಿದ್ಧವಾಗಿತ್ತು. ಹಿಮ್ಮಡಿಯ ಸುತ್ತ, ಕಣಕಾಲಿನ ಗುಳಿಗೆ, ಮೇಲೆ ಮೀನಖಂಡ ಒರಗುವ ಜಾಗಕ್ಕೆ ಕಂಬಳಿಯನ್ನು ಪದರ ಪದರವಾಗಿ ಹೊಲಿದಿದ್ದರು. ಹೊಲಿಗೆ ಎಷ್ಟು ಸಣ್ಣದೆಂದರೆ ಕೈಯಲ್ಲಿ ಸವರಿದರೂ ಸಿಗದು. ಅಂಗಾಲಿಗೆ, ಅವತ್ತಿನ ಒದ್ದೆ ಹೆಜ್ಜೆಯ ಅಚ್ಚಿಗೇ ಕತ್ತರಿಸಿದ ಅಟ್ಟೆ. ಕೂಸಿಗೆ ತೊಡಿಸಿ, ಕೊಂಡಿ ಬಿಗಿದು, 'ಒಂದ್ ಗಂಟೆ ನಿಂತ್ಕ. ಕೂರಂಗಿಲ್ಲ' ಎಂದು ತಾವು ಕಡಲೆಪುರಿ ತಿನ್ನುತ್ತ ಪೇಪರು ಓದತೊಡಗಿದರು.

ಹತ್ತು ನಿಮಿಷಕ್ಕೆ ಕೂಸಿನ ಮೇಲ್ದುಟಿ ಬೆವೆತಿತು. ಇಪ್ಪತ್ತು ನಿಮಿಷಕ್ಕೆ ಕಣ್ಣು ತುಂಬಿತು.

'ತಾತ, ಬೆರಳು ಮುಂದೆ ತಾಗ್ತಿದೆ.'

'ನೆಟ್ಟಗೆ ನಿಂತ್ರೆ ತಾಗ್ಬೇಕು. ಮಂಡಿ ಬಗ್ಸು. ಈಗ?'

'ಈಗ ಹಿಂದಕ್ಕೆ ಬಂತು.'

'ಅದೇ ಅಳತೆ. ಅಳು, ಪರ್ವಾಗಿಲ್ಲ. ಮಂಡಿ ಬಗ್ಸ್ಕಂಡೇ ಅಳು.'

ನನಗೆ ತಡೆಯಲಾಗಲಿಲ್ಲ. 'ಅಣ್ಣಾ, ಒಂಚೂರು ಸಡ್ಲ ಮಾಡಿ. ಮಗೀಗೆ ನೋಯ್ತದೆ' ಅಂದೆ. ಅವರು ಪೇಪರು ಮಡಚಿಟ್ಟರು.

'ತಾಯಿ, ನಂಗೂ ಒಬ್ನ ಮೇಲೆ ಪ್ರೀತಿ ಬಂದಿತ್ತು. ನಿಮ್ ಹೊಳೆನರಸೀಪುರದ ಕಡೇನೇ ಹುಡ್ಗ. ಇಂಗೇ ಅತ್ತ, ಬಿಗಿ ಅಂದ. ನಮ್ಮೂರ್ ಕಡೆಯೋನು ಅಂತ ಎಲ್ಡು ನಂಬ್ರ ದೊಡ್ಡದು ಕೊಟ್ಟೆ. ಈಗ ಅವ್ನು ಒಂದೇ ಕಾಲಿಗೆ ಚಪ್ಲಿ ಆಕ್ತಾನೆ. ಹೊರ್ಗೆ ಬೆಂಚೈತೆ, ಓಗಿ ಕೂತ್ಕಳಿ.'

ಹೋಗಿ ಕೂತೆ. ಗಲ್ಲಿಯ ಬಿಸಿಲಿನಲ್ಲಿ ಕೂತು ಒಳಗಿನ ಬಿಕ್ಕು ಕೇಳಿಸಿಕೊಂಡೆ. ಗಂಟೆಯಾದ ಮೇಲೆ ಬೂಟು ಬಿಚ್ಚಿ, ಪಾದದ ಮೇಲೆ ಎಲ್ಲೆಲ್ಲಿ ಕೆಂಪಾಗಿದೆಯೋ ಅಲ್ಲಲ್ಲಿ ಒಳಬೂಟನ್ನು ಬ್ಲೇಡಿನಿಂದ ಕೂದಲೆಳೆಯಷ್ಟು ಕೆರೆದರು. ಮತ್ತೆ ತೊಡಿಸಿದರು, ಮತ್ತೆ ನಿಲ್ಲಿಸಿದರು. ಹೀಗೆ ಮೂರು ಸಲ. ಮಧ್ಯಾಹ್ನ ಊಟಕ್ಕೂ ಬಿಡಲಿಲ್ಲ. ಕೊನೆಗೆ ನನ್ನನ್ನು ಒಳಗೆ ಕರೆದು, ಬೂಟನ್ನು ನೆಲಕ್ಕೆ ಒತ್ತಿ ಹಿಡಿದು, 'ಹಿಮ್ಡಿ ಎತ್ತು' ಎಂದು ಕೂಸಿಗೆ ಹೇಳಿದರು. ಅವಳು ಎತ್ತಿ ಎತ್ತಿ ಸೋತಳು. ಹಿಮ್ಮಡಿ ಅಲುಗಲಿಲ್ಲ. ನನ್ನ ಯಜಮಾನರು ಕೆಳಗಿನಿಂದ ಹಿಡಿದುಕೊಂಡಿದ್ದಾರೆ ಅನ್ನಿಸಿತು ನನಗೆ.

ಅವರು 'ಹ್ಞೂಂ' ಅಂದರು. ಹೊರಡುವಾಗ ಕೂಸಿಗೆ ಕೊಟ್ಟ ಆಶೀರ್ವಾದ ಇದು: 'ಇನ್ಮೇಲ್ ಬಿದ್ರೆ ಬೂಟಿನ್ ತಪ್ಪಲ್ಲ, ನಿನ್ ತಪ್ಪು. ಯಾರ್ ಕೇಳುದ್ರೂ ಅಂಗೇ ಹೇಳು.'

ಅವಳು ಬೀಳಲಿಲ್ಲ. ಎಷ್ಟು ಸಲ ಬೇಕಾದರೂ ಬರೆಯುತ್ತೇನೆ, ಬೀಳಲಿಲ್ಲ. ಫೋನಿನ ವಿಡಿಯೊದಲ್ಲಿ ಬಿಳಿಯ ಗೋಡೆಯಂಥ ಬೆಟ್ಟ, ಅದರ ಮೇಲೆ ಒಂದು ಕಪ್ಪು ಚುಕ್ಕಿ. ಚುಕ್ಕಿ ಆ ಕಡೆ ವಾಲುತ್ತದೆ, ಈ ಕಡೆ ವಾಲುತ್ತದೆ, ದೊಡ್ಡದಾಗುತ್ತದೆ, ಕೈಕಾಲು ಮೂಡುತ್ತವೆ, ಕನ್ನಡಕ ತೆಗೆದರೆ ನಮ್ಮ ಕೂಸು. ಅಲ್ಲಿ ಹುಟ್ಟಿ ಹಿಮದಲ್ಲೇ ನಡೆಯಲು ಕಲಿತ ಹುಡುಗಿಯರ ನಡುವೆ ಹಾಸನದ ಬಾತುಕೋಳಿ ಕಾಲು ಮೂರನೆಯದು. ನಾನು ಆ ದಿನ ಪಕ್ಕದ ಮನೆಯವರ ನಾಯಿಗೂ ಮೈಸೂರುಪಾಕು ಹಾಕಿದೆ.

ಅವಳು ಊರಿಗೆ ಬಂದ ವಾರಕ್ಕೆ ಪದಕ, ಬೂಟು ಎರಡನ್ನೂ ಎತ್ತಿಕೊಂಡು ಚನ್ನರಾಯಪಟ್ಟಣಕ್ಕೆ ಹೊರಟೆ. ನನಗೆ ಒಂದೇ ಆಸೆ. ಆ ಮನುಷ್ಯನ ಬಾಯಿ ಒಂದು ಗಳಿಗೆ ಮುಚ್ಚಿಸಬೇಕು. ನನ್ನ ಪ್ರೀತಿಯ ಅಳತೆ ತೆಗೆದವರ ಬಾಯಿಂದ ಒಂದು ಒಳ್ಳೆ ಮಾತು, ಇಲ್ಲವೇ ಒಂದು ಸಲ ಅವರೇ 'ಅಯ್ಯೋ' ಅನ್ನುವುದನ್ನು ಕೇಳಬೇಕು.

ಅಂಗಡಿ ಮುಚ್ಚಿತ್ತು. ಟೀ ಅಂಗಡಿಯವರು ಮನೆ ತೋರಿಸಿದರು. ಅವರ ಹೆಂಡತಿ ಬಾಗಿಲು ತೆಗೆದು, ನಮ್ಮನ್ನು ಅಡುಗೆಮನೆಯಲ್ಲಿ ಕೂರಿಸಿ ಕಾಫಿಗೆ ಇಟ್ಟರು. ಸಕ್ಕರೆ ಕಾಯಿಲೆ ಕಾಲಿಗೆ ಇಳಿದಿದೆ, ಅಂಗಾಲಿನ ಹುಣ್ಣು ಮಾಯುತ್ತಿಲ್ಲ, ಎದ್ದು ಓಡಾಡುವುದು ನಿಂತು ತಿಂಗಳಾಯಿತು ಎಂದರು. ಆಮೇಲೆ ದನಿ ಇಳಿಸಿ, 'ಅಕ್ಕಾ, ನಾನು ಅಂದೆ ಅಂತ ಅನ್ಬ್ಯಾಡಿ. ನೀವು ಬೂಟು ತಗಂಡೋದ ದಿನ ಇವ್ರು ಏನಂದ್ರು ಗೊತ್ತಾ? ಆ ಮುದ್ಕಿ ತಪ್ಪು ಮಾಡಿದ್ದು ಒಳ್ಳೇದೇ ಆಯ್ತು, ಇಪ್ಪತ್ನಾಕು ನಂಬ್ರದ ಚಿಪ್ಪಲ್ಲಿ ಆ ಅಗಲ ಕಾಲು ನುಗ್ತಾನೇ ಇರ್ಲಿಲ್ಲ ಅಂದ್ರು. ಅವಳಿಗೆ ಹೇಳ್ಬ್ಯಾಡ, ಮುಂದಿನ್ಸಲ ಮೂರು ನಂಬ್ರ ದೊಡ್ಡದು ತರುಸ್ತಾಳೆ ಅಂದ್ರು' ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಸಂತೋಷಕ್ಕೆ ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ. ಗೆದ್ದಾಯಿತು ಎಂದುಕೊಂಡೇ ಕೋಣೆಗೆ ಹೋದೆ.

ಮಂಚದ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಒರಗಿದ್ದರು. ಹೊದಿಕೆಯ ತುದಿಯಿಂದ ಎರಡು ಪಾದದ ಬೆರಳು ಹೊರಗಿದ್ದವು, ಎಡಗಡೆ ಎರಡು, ಬಲಗಡೆ ಐದು. ಕೂಸು ಪದಕವನ್ನು ಅವರ ಕೈಯಲ್ಲಿಟ್ಟಳು. ನೋಡಲೂ ಇಲ್ಲ. 'ಇದ್ನ ಆ ಮೊಳೆಗಾಕು, ಕೈಗಡ್ಡ ಬತ್ತದೆ. ಬೂಟು ಕೊಡು' ಅಂದರು. ಎಡಗಾಲಿನ ಒಳಬೂಟು ಎಳೆದು ಕಿಟಕಿಯ ಬೆಳಕಿಗೆ ಹಿಡಿದು, ಒಳಗೆ ಕೈ ಹಾಕಿ, ಕಣ್ಣು ಮುಚ್ಚಿ ತಡಕಿದರು.

'ಹಿಂದ್ಗಡೆ ಮೇಲೆ ಕಂಬ್ಳಿ ತೇದೈತೆ. ಎಡಗಾಲ್ದು ಮಾತ್ರ. ಬಲಕ್ ತಿರುಗೋವಾಗ ಹೆದ್ರಿ ಹಿಂದಕ್ ವಾಲಿದ್ದೀಯ.'

ಕೂಸು ನಾಚಿಕೊಂಡಳು. 'ಹೌದು ತಾತ. ಎರಡು ಸಲ.'

'ಹೆದ್ರದೇ ಇದ್ದಿದ್ರೆ ಎರಡ್ನೇದು ಬರ್ತಿತ್ತು. ಮೂರ್ನೇದಕ್ಕೆ ಇಷ್ಟು ದೂರ ಬಸ್ಸತ್ತಿ ಬಂದ್ರಾ ಅಜ್ಜಿ ಮೊಮ್ಮಗ್ಳು?'

ನನ್ನ ಮೈ ಉರಿಯಿತು. ಮಲಗಿದ್ದಾರೆ, ಕಾಯಿಲೆ, ಏನೂ ನೆನಪಾಗಲಿಲ್ಲ. 'ನೀವು ಉದ್ಧಾರಾಗಲ್ಲ ಅಣ್ಣಾ' ಅಂದುಬಿಟ್ಟೆ. ಅವರು ಕಿಟಕಿಯ ಕಡೆ ತಿರುಗಿ ಬಲಗಾಲಿನ ಒಳಬೂಟನ್ನು ತಡಕತೊಡಗಿದರು.

ಆಗ ಕೂಸು ನನಗೆ ಕಣ್ಣು ಹೊಡೆದಳು. ತುಂಟತನದ ಹುಡುಗಿ. ಸದ್ದಿಲ್ಲದೆ ಮಂಚದ ಕಾಲ್ದೆಸೆಗೆ ಹೋಗಿ, ಅವರ ಬಲಗಾಲಿನ ಹೆಬ್ಬೆರಳನ್ನು ಉಗುರಿನಿಂದ ಚಿವುಟಿದಳು. ಅವತ್ತು ಅವರು ಚಿವುಟಿದ ಹಾಗೇ, ಕನಿಕರವಿಲ್ಲದೆ. ನಾನು ಕೂಗಿಗೆ ಕಾದೆ.

ಅವರು ಒಳಬೂಟಿನಲ್ಲಿ ಕೈಯಾಡಿಸುತ್ತಲೇ ಇದ್ದರು. ಕೂಸು ಇನ್ನೂ ಗಟ್ಟಿಯಾಗಿ ಚಿವುಟಿದಳು. ಅವಳ ಬೆರಳ ಗೆಣ್ಣು ಬೆಳ್ಳಗಾಯಿತು. ಬಾಗಿಲಲ್ಲಿ ಅವರ ಹೆಂಡತಿ ಲೋಟ ಹಿಡಿದು ನಿಂತಿದ್ದರು. ಯಾಕೋ ಕೋಣೆಯಲ್ಲಿ ಮಾತಿಲ್ಲದಾಯಿತು. ಆ ಸದ್ದಡಗಿದ್ದಕ್ಕೆ ಅವರು ಇತ್ತ ತಿರುಗಿದರು. ಕೂಸಿನ ಮುಖ ನೋಡಿದರು. ಅವಳ ಕೈ ಎಲ್ಲಿದೆ ಎಂದು ನೋಡಿದರು.

'ಅಯ್ಯಯ್ಯೋ, ಸಾಯಿಸ್ಬುಟ್ಯಲ್ಲೇ ಮುಂಡೇದೇ' ಎಂದು ಕೂಗಿಕೊಂಡರು.

ನಾನು ನಕ್ಕೆ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕೆ. 'ಈಗ್ ಗೊತ್ತಾಯ್ತಾ ಅಣ್ಣಾ, ಮಕ್ಳಿಗೆ ಎಂಗಾಗಿರ್ಬೇಕು ಅಂತ' ಅಂದೆ. 'ಗೊತ್ತಾಯ್ತು ತಾಯಿ, ಗೊತ್ತಾಯ್ತು' ಅಂದರು. ಕೂಸು ನಗಲಿಲ್ಲ. ಬಗ್ಗಿ ಅವರ ಆ ಪಾದವನ್ನು ಹೊದಿಕೆಯೊಳಗೆ ಸೇರಿಸಿ, ಮೊಳೆಯಲ್ಲಿದ್ದ ಪದಕ ತೆಗೆದುಕೊಳ್ಳಲು ಹೋದವಳು, ಬೇಡವೆಂದು ಅಲ್ಲೇ ಬಿಟ್ಟಳು. ಅವರೂ ಬೇಡ ಅನ್ನಲಿಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ನಾನೇ ಮಾತಾಡುತ್ತಿದ್ದೆ. ಹೇಗೆ ಕೂಗಿದರು, ಹೇಗೆ ಮುಖ ಕಿವುಚಿದರು ಎಂದು ಪಕ್ಕದ ಸೀಟಿನವರಿಗೂ ಹೇಳಿದೆ. ಶಾಂತಿಗ್ರಾಮ ದಾಟಿದ ಮೇಲೆ ಕೂಸು ಕಿಟಕಿಯಾಚೆ ನೋಡುತ್ತಲೇ ಅಂದಳು:

'ಅಜ್ಜಿ, ತಾತ ನೋಡಿದ್ಮೇಲೆ ಕೂಗಿದ್ದು.'

'ಏನು?'

'ನನ್ ಕೈ ನೋಡಿದ್ಮೇಲೆ.'

ಅದು ನನ್ನ ತಲೆಗೆ ಇಳಿಯುವಷ್ಟರಲ್ಲಿ ಹಾಸನ ಬಂದಿತ್ತು.

ಹದಿನೈದು ದಿನಕ್ಕೆ ಹೋದರು. ಮಣ್ಣಿಗೆ ಹೋಗಿದ್ದೆವು. ಬಂದವರೆಲ್ಲ ಬಾಯಿ ಕೆಟ್ಟದಾದರೂ ಮನಸ್ಸು ಒಳ್ಳೆಯದಿತ್ತು ಎನ್ನುತ್ತಿದ್ದರು. ಹಣ್ಣು ತಂದಿದ್ದ ಭಾರಿ ಆಳೂ ಬಂದಿದ್ದ. ಮೂಲೆಯಲ್ಲಿ ಊರುಗೋಲಿನ ಒಬ್ಬಾತ ನಿಂತಿದ್ದ, ಒಂದೇ ಕಾಲು, ಅದರಲ್ಲಿ ಹೊಸ ಚಪ್ಪಲಿ. ಪ್ರತಿ ಯುಗಾದಿಗೆ ಇವರೇ ಹೊಲಿದು ಕಳಿಸುತ್ತಿದ್ದರಂತೆ. ಅದಕ್ಕೂ ಬೈದೇ ಕಳಿಸುತ್ತಿದ್ದರಂತೆ. ನಕ್ಕು ಬಂದವಳಿಗೆ ಅಲ್ಲಿ ಏನು ಮಾತು?

ಕಂಬಳಿಯ ಉಳಿದರ್ಧವನ್ನು ಅವರ ಹೆಂಡತಿ ಮಡಚಿ ಕೊಟ್ಟರು. ಅದರಲ್ಲಿ ಈಗ ಬೀಡಿಯ ವಾಸನೆಯ ಜೊತೆ ಚರ್ಮದ ಅಂಟಿನ ವಾಸನೆಯೂ ಸೇರಿದೆ. ಮುಂದಿನ ಚಳಿಗಾಲಕ್ಕೆ ಒಳಬೂಟು ತೇದರೆ ಬೇಕಾಗುತ್ತದೆ ಎಂದು ಕೂಸು ಎತ್ತಿಟ್ಟಿದ್ದಾಳೆ. ಎರಡನೆಯದು ಬರಬೇಕಂತೆ. ಬರುತ್ತದೆ. ಮೀಟರಿನವನಿಗೆ ಈಗಲೇ ಹೇಳಿದ್ದೇನೆ.

ನನಗೂ ಸಕ್ಕರೆ ಇದೆ. ಈಗ ದಿನಾ ಸಂಜೆ ಕೂಸು ಕಾಲೇಜಿನಿಂದ ಬಂದವಳೇ, ಚೀಲ ಕೆಳಗಿಡುವ ಮೊದಲೇ ನನ್ನ ಕಾಲು ಎಳೆದುಕೊಳ್ಳುತ್ತಾಳೆ. 'ಗೋಡೆ ಕಡೆ ತಿರುಗಜ್ಜಿ' ಅನ್ನುತ್ತಾಳೆ. ಒಂದು ದಿನ ತಮಾಷೆಗೆ ಅವಳು ಮುಟ್ಟುವ ಮೊದಲೇ ಕೂಗಿದೆ. 'ಬಾಯಿ ಮುಚ್ಚು. ಕಾಲು ಕೂಗ್ಲಿ' ಎಂದು ಗದರಿದಳು. ಯಾರ ದನಿ ಅದು ಎಂದು ಹೇಳಬೇಕಾಗಿಲ್ಲ. ನಾನು ಗೋಡೆಯ ಕಡೆ ತಿರುಗಿದೆ. ಆ ಅಗಲ ಪಾದದ ಹೆಬ್ಬೆರಳಿಗೆ ಉಗುರು ಇಳಿಯಿತು. ಬೀದಿಯ ಕೊನೆಯ ಸುಬೇದಾರರು ಏನಾಯಿತೋ ಎಂದು ಓಡಿ ಬಂದರು, ಅಷ್ಟು ಜೋರಾಗಿ ಕೂಗಿದ್ದೆ.